ಮುಚ್ಚಿದ ಗವಾಕ್ಷಿ

ಐವತ್ತೊಂಬತ್ತನೆಯ ಇಸವಿಯ ಪುಷ್ಯ ಮಾಸ, ಶನಿವಾರ, ಬೆಳಗಿನ ಹೊತ್ತು. ಬಿಸಿಲು ಅಂಬಾಜಿದುರ್ಗದ ನೆತ್ತಿಗೆ ತಾಕಿತ್ತು. ಚಿಂತಾಮಣಿಯ ಬೀದಿಗಳಿಗೆ ಇನ್ನೂ ಇಳಿದಿರಲಿಲ್ಲ. ಡಾಕ್ಟರ್ ವಿಶಾಲಾಕ್ಷಮ್ಮನವರ ಮನೆಯ ಹಿಂದಿನ ಜಗಲಿಯಲ್ಲಿ ಅಶ್ವತ್ಥಮ್ಮ ಗೋಡೆಗೊರಗಿ ಕೂತಿದ್ದಳು. ಎರಡೂ ಕೈಯಲ್ಲಿ ಕಾಫಿ ಲೋಟ ಹಿಡಿದು, ಈ ಮನೆಗೆ ಬಂದ ಮೇಲೆ ಮೊದಲ ಸಲ ತಾನಾಗಿ ಬಾಯಿ ಬಿಟ್ಟಳು.

"ರಾತ್ರಿ ಅಜ್ಜತ್ತೆ ಬರ್ಲಿಲ್ಲ."

ಕಂಬದ ಪಕ್ಕದಲ್ಲಿ ಕಂಬಳಿ ಹೊದ್ದು ಕೂತಿದ್ದ ಪೆನ್ಷನ್ ಪಡೆದಿದ್ದ ಪೊಲೀಸ್ ದಫೇದಾರ್ ಮುನಿಶಾಮಪ್ಪ ಅಲುಗಾಡಲಿಲ್ಲ. ಗುಬ್ಬಿ ಕಾಳು ಹೆಕ್ಕುವಾಗ ಪಕ್ಕದಲ್ಲಿರುವವರು ಹೇಗೆ ಸುಮ್ಮನಿರುತ್ತಾರೋ ಹಾಗಿದ್ದ.

"ಯಾವ ಅಜ್ಜತ್ತೆ ಕಣಮ್ಮ?"

"ನಮ್ಮತ್ತೆಗೆ ಅತ್ತೆ. ಸತ್ತು ಎಷ್ಟೋ ಕಾಲ ಆಯ್ತು. ರೇಷ್ಮೆ ಹುಳದ ತಟ್ಟೆ ಅಟ್ಟಣಿಗೆ ಮೇಲೆ ಕುಂತ್ಕೊಂಡು ನನ್ನ ಕರೀತಿದ್ಲು. ಹುಳಗಳೂ ನನ್ನ ಹೆಸ್ರು ಹೇಳ್ತಿದ್ವು." ಆಕೆ ಲೋಟದೊಳಗೆ ನೋಡಿದಳು. "ಈಗ ನೆನೆಸ್ಕೊಂಡ್ರೆ ನಗು ಬರ್ತದೆ. ಭಯಾನೂ ಆಗ್ತದೆ."

"ನಗು ಬಂದ್ರೆ ನಕ್ಕುಬಿಡಿ," ಎಂದರು ಬಾಗಿಲಲ್ಲಿ ನಿಂತಿದ್ದ ವಿಶಾಲಾಕ್ಷಮ್ಮ. "ಹೊಟ್ಟೆ ಹಸೀತಿದೆಯಾ?"

"ಹಸೀತದೆ ಡಾಕ್ಟ್ರಮ್ಮ. ಹಸಿವು ಅನ್ನೋದೇ ಮರ್ತಿದ್ದೆ." ಆಕೆ ಲೋಟ ಕೆಳಗಿಟ್ಟು ಕೈ ಮುಗಿದಳು. ಮುಗಿದ ಕೈಯನ್ನು ಬೇಗ ಇಳಿಸಲಿಲ್ಲ.

ಸೋಮವಾರ ನಸುಕಿನಲ್ಲಿ ಮೇಲೂರಿನ ಮನೆಯ ಹಿತ್ತಲಲ್ಲಿ, ಸೊಪ್ಪು ಕತ್ತರಿಸುವ ಕತ್ತಿಯನ್ನು ರಕ್ತ ಸಮೇತ ಹಿಡಿದು ನಿಂತು, "ಮೈದುನ ನಲ್ಲಪ್ಪನ್ನ ನಾನೇ ಕಡಿದೆ" ಎಂದವಳು ಇವಳೇ. ನಲ್ಲಪ್ಪನ ಚಪ್ಪಲಿ ಬಾವಿಕಟ್ಟೆಯ ಮೇಲಿತ್ತು. ಪಾತಾಳಗರಡಿ ಬಿಟ್ಟು ಬಾವಿಯನ್ನೆಲ್ಲ ಜಾಲಾಡಿದರೂ ನಲ್ಲಪ್ಪ ಸಿಕ್ಕಿರಲಿಲ್ಲ.

ಸಬ್ ಇನ್ಸ್‌ಪೆಕ್ಟರ್ ಸಾಹೇಬರು ಮುನಿಶಾಮಪ್ಪನ ಹಳೆಯ ಮುಖ ನೋಡಿ ಒಂದು ಉಪಕಾರ ಮಾಡಿದ್ದರು. ಬರುವ ಸೋಮವಾರದವರೆಗೆ ಅಶ್ವತ್ಥಮ್ಮ ಡಾಕ್ಟರ ಮನೆಯಲ್ಲಿರಬಹುದು. ಆಮೇಲೆ ಮ್ಯಾಜಿಸ್ಟ್ರೇಟರ ಮುಂದೆ. ಹುಚ್ಚಿ ಎಂದಾದರೆ ಬೆಂಗಳೂರಿನ ಹುಚ್ಚಾಸ್ಪತ್ರೆ, ಅಲ್ಲ ಎಂದಾದರೆ ಕೊಲೆ ಕೇಸು. ಎರಡರಲ್ಲಿ ಯಾವುದಾದರೂ ಆಕೆ ಮತ್ತೆ ಮೇಲೂರಿನ ಹೊಸಿಲು ತುಳಿಯುವುದು ಕಷ್ಟ.

"ಅಜ್ಜತ್ತೆ ಕರಗಿಹೋದ್ಲು," ಅಶ್ವತ್ಥಮ್ಮ ಮೆಲ್ಲಗೆ ಅಂದಳು. "ಹುಳಗಳ ಮಾತೂ ಕನಸಿನ ಹಂಗೆ ಹೋಯ್ತು. ಒಂದು ಮಾತ್ರ ಕರಗ್ತಿಲ್ಲ ದಫೇದಾರಪ್ಪ."

"ಯಾವುದು?"

"ಅವತ್ತು ಬಾವಿ ಹತ್ರ ನಮ್ಮ ನಲ್ಲಪ್ಪನ ಜೊತೆ ಇನ್ನೊಬ್ಬ ಇದ್ದ. ಕೆಂಪಂಚಿನ ಬಿಳೀ ಶಾಲು ಹೊದ್ದಿದ್ದ. ಬೆನ್ನು ಕಾಣ್ತು, ಮುಖ ಕಾಣ್ಲಿಲ್ಲ. ದಿನಾ ದಿನಾ ಇನ್ನೂ ಚೆನ್ನಾಗಿ ಕಾಣ್ತಾವ್ನೆ."

"ಇನ್ಸ್‌ಪೆಕ್ಟರಿಗೆ ಹೇಳಿದ್ಯಾ?"

"ಹೇಳಿದೆ. ಹುಳ ಕರೆದ ಕಥೆಯೂ ಜೊತೇಲೇ ಹೇಳ್ಬಿಟ್ಟೆ. ನಕ್ರು."

"ಕತ್ತಿ?"

"ಸೊಪ್ಪು ಹಾಕಿ ಮತ್ತೆ ಹೊರಗೆ ಬಂದ್ರೆ ನೆಲದ ಮೇಲಿತ್ತು. ನಮ್ಮ ಕತ್ತಿ ಇಲ್ಯಾಕೆ ಬಿದ್ದಿದೆ ಅಂತ ಎತ್ಕೊಂಡೆ. ನೋಡಿದ್ರೆ ಬಾವಿ ಹತ್ರ ಯಾರೂ ಇಲ್ಲ. ಅಜ್ಜತ್ತೆ ಕಿವೀಲಿ, ನೀನೇ ಕಣೇ, ನೀನೇ ಕಡ್ದಿದ್ದು ಅಂದ್ಲು." ಆಕೆ ಅಂಗೈ ಬಿಚ್ಚಿ ನೋಡಿಕೊಂಡಳು. "ನಾನೂ ಹೂಂ ಅಂದೆ. ದೊಡ್ಡೋರು ಹೇಳ್ದಾಗ ಹೂಂ ಅನ್ನೋದೇ ಅಭ್ಯಾಸ ನೋಡು."

ಮುನಿಶಾಮಪ್ಪ ಎದ್ದು ಒಳಗೆ ಹೋದ. ವಿಶಾಲಾಕ್ಷಮ್ಮನವರು ಸ್ಟೂಲು ಎಳೆದುಕೊಟ್ಟರು.

"ಎಲ್ಲಾ ನೋಡ್ದೆ ದಫೇದಾರ್ರೇ. ಜ್ವರ ಇಲ್ಲ. ತಲೆಗೆ ಪೆಟ್ಟು ಬಿದ್ದಿಲ್ಲ. ಫಿಟ್ಸ್ ಇಲ್ಲ. ಕುತ್ತಿಗೆ ಗ್ರಂಥಿ ಸರಿಯಾಗಿದೆ. ಅದು ಸೋತರೂ ಕೆಲವರಿಗೆ ಹೀಗೇ ಇಲ್ಲದ ಮಾತು ಕೇಳಿಸುತ್ತೆ. ಊಟದಲ್ಲಿ ಸತ್ವ ಇಲ್ಲದೆ ತಲೆ ಕೆಡೋದೂ ಉಂಟು, ಆದರೆ ಆಗ ಚರ್ಮ ಹೇಳುತ್ತೆ. ಇವರ ಚರ್ಮ ಚೆನ್ನಾಗಿದೆ. ನಾಟಿ ಔಷಧಿ ಏನೂ ತಗೊಂಡಿಲ್ಲ."

"ಹಂಗಾದ್ರೆ ಮನಸ್ಸಿನ ಕಾಯ್ಲೆನಾ ತಾಯಿ?"

"ಆಗಿರಬಹುದು. ಅದಕ್ಕೆ ನಾಚಿಕೊಳ್ಳೋದೇನೂ ಇಲ್ಲ. ಆದರೆ ಮನಸ್ಸಿನ ಕಾಯಿಲೆ ಜಾಗ ಬದಲಾಯಿಸಿದ ಮೂರು ನಾಲ್ಕು ದಿನಕ್ಕೆ ಹೀಗೆ ಕೈಬಿಟ್ಟು ಹೋಗೋದನ್ನ ನಾನು ಕಂಡಿಲ್ಲ. ನಾನು ಒಂದು ಮಾತ್ರೆಯನ್ನೂ ಕೊಟ್ಟಿಲ್ಲ."

ಮುನಿಶಾಮಪ್ಪ ತನ್ನ ಮೊಣಕಾಲು ಸವರಿಕೊಂಡ. ಗೌರಿಬಿದನೂರಿನಲ್ಲಿ ಕಾನ್ಸ್‌ಟೇಬಲ್ ಆಗಿದ್ದಾಗ ಅವನಿಗೆ ವಿಷಮಶೀತ ಜ್ವರ ಬಂದಿತ್ತು. ಆಸ್ಪತ್ರೆಯ ಮಂಚದ ಮೇಲೆ ಮಲಗಿ, ಸತ್ತ ತಂದೆಯೊಂದಿಗೆ ಎತ್ತಿನ ವ್ಯಾಪಾರ ಮಾತಾಡುತ್ತಿದ್ದನಂತೆ. ಪಕ್ಕದವರೆಲ್ಲ ನಕ್ಕರು. ಹೆಸರೂ ಗೊತ್ತಿಲ್ಲದ ಒಬ್ಬ ವಾರ್ಡಿನ ಆಳು ಮಾತ್ರ ನಗದೆ, "ಎತ್ತು ಚೆನ್ನಾಗಿವೆ ಬಿಡಣ್ಣ, ಈಗ ನೀರು ಕುಡಿ" ಎಂದು ತಲೆ ಎತ್ತಿ ಕುಡಿಸಿದ್ದ. ಜ್ವರ ಇಳಿಯಿತು, ತಂದೆಯೂ ಹೋದ, ಎತ್ತೂ ಹೋದವು. ಆ ಆಳಿನ ಕೈ ಮಾತ್ರ ಇವತ್ತಿಗೂ ತಲೆಯ ಹಿಂದೆ ಇರುವ ಹಾಗೆ ಅನಿಸುತ್ತದೆ. ಇಲ್ಲದ್ದನ್ನು ಕಂಡವರನ್ನು ಕಂಡು ಮುನಿಶಾಮಪ್ಪ ನಗದೇ ಇರುವುದು ಆ ಕೈಯ ಋಣದಿಂದ.

"ಹುಳುಮನೆಯಲ್ಲಿ ಚಳಿಗೆ ಏನು ಮಾಡ್ತಾರೆ?" ವಿಶಾಲಾಕ್ಷಮ್ಮ ಕೇಳಿದರು.

"ಕುಂಪಟಿಗೆ ಇದ್ದಿಲು ಹಾಕಿ ಮಧ್ಯದಲ್ಲಿ ಇಡ್ತಾರೆ. ರೇಷ್ಮೆ ಹುಳ ಚಳಿ ತಡೆಯಲ್ಲ. ಬಾಗಿಲ ಸಂದಿಗೆ ಗೋಣಿ ತುರುಕ್ತಾರೆ. ಹುಳ ಹಣ್ಣಾಗಿ ಗೂಡು ಕಟ್ಟೋ ತನಕ ಈಯಮ್ಮ ಅಲ್ಲೇ ಮಲಗಬೇಕು. ಬೇರೆಯವರು ಒಳಗೆ ಕಾಲಿಡಂಗಿಲ್ಲ. ಅದು ಆ ಮನೆ ಕಟ್ಟುಪಾಡು."

"ಅದೇ ನನ್ನ ಅನುಮಾನ. ಗಾಳಿ ಸಾಲದ ಕಡೆ ಇದ್ದಿಲು ಉರಿದರೆ ಒಂದು ವಿಷದ ಗಾಳಿ ಬರುತ್ತೆ. ವಾಸನೆ ಇಲ್ಲ, ಬಣ್ಣ ಇಲ್ಲ, ಕೆಮ್ಮೂ ಬರಲ್ಲ. ನಮ್ಮ ಕೆಂಪು ರಕ್ತಕ್ಕೆ ಅಂಟಿಕೊಂಡು ಪ್ರಾಣವಾಯುವಿಗೆ ಜಾಗ ಬಿಡಲ್ಲ. ಹೆಚ್ಚಾದರೆ ಸಾವು. ಸ್ವಲ್ಪ ಸ್ವಲ್ಪವಾಗಿ ದಿನಾ ಹೋದರೆ ತಲೆನೋವು, ಓಕರಿಕೆ, ಆಮೇಲೆ ಇಲ್ಲದ್ದು ಕಾಣೋದು, ಕೇಳೋದು."

"ರಕ್ತ ನೋಡಿ ಹೇಳೋಕೆ ಆಗಲ್ವಾ?"

"ಈಗ ಆಗಲ್ಲ. ಒಳ್ಳೆ ಗಾಳಿ ಕುಡಿದು ರಕ್ತ ತೊಳೆದುಕೊಂಡುಬಿಟ್ಟಿದೆ. ಅವರನ್ನ ಉಳಿಸಿದ್ದು ಯಾವುದೋ, ಸಾಕ್ಷಿಯನ್ನ ಅಳಿಸಿದ್ದೂ ಅದೇ. ಬರೀ ಅನುಮಾನಕ್ಕೆ ನಾನು ಸರ್ಟಿಫಿಕೇಟ್ ಬರೆಯಲಾರೆ. ಆ ಮನೆಯಿಂದ ಏನಾದ್ರೂ ತನ್ನಿ."

ಮುನಿಶಾಮಪ್ಪ ಕಂಬಳಿ ಮಡಚಿದ. ಬಾಗಿಲ ತನಕ ಹೋಗಿ ನಿಂತ.

"ಒಂದು ಮಾತು ತಾಯಿ. ಹೋದ ವರ್ಷದ ಚಳೀಲೂ ಈಯಮ್ಮ ಅದೇ ಮನೇಲಿ, ಅದೇ ಕುಂಪಟಿ ಮುಂದೆ ಮಲಗಿದ್ದಳು. ಏನೂ ಆಗಲಿಲ್ಲ."

ವಿಶಾಲಾಕ್ಷಮ್ಮ ಕನ್ನಡಕ ತೆಗೆದರು. "ಹಾಗಾದ್ರೆ ಈ ವರ್ಷ ಏನು ಬದಲಾಯ್ತು ಅಂತ ನೋಡಬೇಕು."

"ಅದನ್ನೇ ನೋಡ್ಕೊಂಡು ಬರ್ತೀನಿ."

ಮೇಲೂರು ಮುಟ್ಟಿದಾಗ ಬಿಸಿಲು ನೆತ್ತಿಗೇರಿತ್ತು. ಅಶ್ವತ್ಥಮ್ಮನ ಗಂಡ ಮುನಿವೆಂಕಟಪ್ಪ ಹಿಪ್ಪುನೇರಳೆ ಸೊಪ್ಪಿನ ಹೊರೆ ಇಳಿಸಿ, ದಫೇದಾರನ ಮುಖ ನೋಡುತ್ತ ನಿಂತ.

"ಕಾಫಿ ಕುಡಿದಳಪ್ಪ," ಎಂದ ಮುನಿಶಾಮಪ್ಪ. "ಹೊಟ್ಟೆ ಹಸೀತದೆ ಅಂದಳು."

ಮುನಿವೆಂಕಟಪ್ಪ ಟವಲಿನಿಂದ ಮುಖ ಒರೆಸಿಕೊಂಡ. ಒರೆಸಿಕೊಳ್ಳುತ್ತಲೇ ಇದ್ದ.

ಹುಳುಮನೆಯ ಹೊಸಿಲಿಗೆ ಅಡ್ಡವಾಗಿ ಅವನ ತಾಯಿ ಅಕ್ಕಯ್ಯಮ್ಮ ಕೂತಿದ್ದಳು. ಮೇಲೂರಿನಲ್ಲಿ ಅವಳ ಬಾಯಿಗೆ ಎದುರಾಡುವವರು ಕಡಿಮೆ. ಸೊಸೆಯನ್ನು ಕರೆದುಕೊಂಡು ಹೋದ ದಿನದಿಂದ ಹುಳ ಕಾಯುವುದು ಅವಳೇ, ರಾತ್ರಿ ಒಳಗೆ ಮಲಗುವುದೂ ಅವಳೇ.

"ಒಳಗೆ ಕಾಲಿಡಬೇಡ ದಫೇದಾರಪ್ಪ. ಹುಳ ನಾಲ್ಕನೇ ಜ್ವರ ಮುಗಿಸಿ ಪೊರೆ ಬಿಟ್ಟು ಎದ್ದವೆ. ಹೊರಗಿನೋರ ಕಾಲು ಬಿದ್ರೆ ಗೂಡು ಕಟ್ಟಲ್ಲ."

"ಇಡಲ್ಲಮ್ಮ. ಇಲ್ಲೇ ಕೂತ್ಕೋತೀನಿ."

"ಬೀಡಿ ಸೇದ್ತೀಯಾ?"

"ಬಿಟ್ಟು ಬಹಳ ವರ್ಷ ಆಯ್ತು."

"ಬಿಟ್ಟೋರ ಮೈಯಲ್ಲೂ ವಾಸನೆ ಇರ್ತದೆ. ಇನ್ನೊಂದು ಮಾರು ಆಕಡೆ ಕೂತ್ಕೋ."

ಮುನಿಶಾಮಪ್ಪ ಒಂದು ಮಾರು ಸರಿದ. ಒಳಗೆ ಮಬ್ಬುಗತ್ತಲಲ್ಲಿ ಹುಳಗಳು ಸೊಪ್ಪು ಮೇಯುವ ಸದ್ದು, ಒಣ ತರಗಿನ ಮೇಲೆ ಕುರಿಮಂದೆ ನಡೆದ ಹಾಗೆ. ಅವನು ಬಂದ ವಿಷಯ ಹೇಳಿದ. ಕುಂಪಟಿ, ಇದ್ದಿಲು, ವಾಸನೆಯಿಲ್ಲದ ಗಾಳಿ.

ಅಕ್ಕಯ್ಯಮ್ಮ ಕೇಳಿ ಮುಗಿಸಿ ತುಟಿ ಓರೆ ಮಾಡಿದಳು. "ವಿಷ ಇದ್ದಿದ್ರೆ ಮೊದಲು ಹುಳ ಸಾಯ್ತಿತ್ತು. ಒಗ್ಗರಣೆ ಘಾಟಿಗೇ ಮುದುಡ್ಕೊಳ್ಳೋ ಜಾತಿ ಇದು. ಕೇಳು, ಹೆಂಗೆ ಮೇಯ್ತಾವೆ. ಹುಳ ತಡೆಯೋ ಗಾಳೀನ ಆಳಾದ ಹೆಂಗಸು ತಡೆಯಲ್ವಾ? ಅವಳಿಗೆ ತಲೆ ಕೆಟ್ಟಿತ್ತು, ನನ್ನ ಮಗನ್ನ ಕಡಿದ್ಲು. ಅಷ್ಟೇಯ."

ಈ ಮಾತು ಬರುತ್ತದೆ ಎಂದು ಮುನಿಶಾಮಪ್ಪನಿಗೆ ಗೊತ್ತಿತ್ತು. ಈ ಸೀಮೆಯಲ್ಲಿ ಹುಳುಮನೆಯ ಗಾಳಿ ಸರಿಯಿದೆಯೋ ಇಲ್ಲವೋ ಎಂದು ಯಾರೂ ಮನುಷ್ಯರನ್ನು ಕೇಳುವುದಿಲ್ಲ, ಹುಳ ನೋಡುತ್ತಾರೆ.

"ಹುಳಕ್ಕೆ ನಮ್ಮ ಹಂಗೆ ಕೆಂಪು ರಕ್ತ ಇಲ್ಲಮ್ಮ. ಆ ಗಾಳಿ ಹಿಡ್ಕೊಳ್ಳೋದು ಕೆಂಪು ರಕ್ತವನ್ನೇ ಅಂತೆ. ಡಾಕ್ಟ್ರಮ್ಮ ಹೇಳಿದ್ರು." ಕೂತಲ್ಲಿಂದಲೇ ಒಳಗೆ ಇಣುಕಿ ಕೇಳಿದ: "ಇಲಿ ಕಾಯೋಕೆ ಒಳಗೊಂದು ಬೆಕ್ಕಿತ್ತಲ್ಲ, ಎಲ್ಲಿ?"

ಅಕ್ಕಯ್ಯಮ್ಮ ಒಳಗಿನ ಕುಂಪಟಿ ಕಡೆ ನೋಡಿದಳು. "ಸತ್ತೋಯ್ತು."

"ಯಾವಾಗ?"

"ಹುಳ ಎರಡನೇ ಜ್ವರಕ್ಕೆ ಕೂತಾಗ. ಕುಂಪಟಿ ಪಕ್ಕ ಮಲಗಿದ್ದು ಏಳ್ಲೇ ಇಲ್ಲ."

"ಬೆಕ್ಕಿಗೆ ಕೆಂಪು ರಕ್ತ."

ಮುನಿಶಾಮಪ್ಪ ಅವಳ ಹಣೆ ನೋಡುತ್ತಿದ್ದ. ಬಂದ ಗಳಿಗೆಯಿಂದ ನೋಡುತ್ತಿದ್ದ. ಹುಬ್ಬಿನಿಂದ ಹುಬ್ಬಿಗೆ ಶುಂಠಿ ತೇದು ದಪ್ಪಗೆ ಬಳಿದಿದ್ದಳು. ಒಣಗಿದ ಪಟ್ಟಿಯ ಮೇಲೆ ಹೊಸ ಪಟ್ಟಿ.

"ಶುಂಠಿ ಯಾಕಮ್ಮ?"

"ಚಳಿಗೆ ತಲೆನೋವು."

"ಸೋಮವಾರ ನಾನು ಬಂದಾಗ ಇರ್ಲಿಲ್ಲ."

"ವಯಸ್ಸಾಯ್ತು ಏಮಪ್ಪಾ, ನಿನಗಾಗಿಲ್ವಾ?"

"ಆಯ್ತು." ಅವನು ದನಿ ಇನ್ನೂ ತಗ್ಗಿಸಿದ. "ರಾತ್ರಿ ಯಾರು ಕರೆದ್ರು ಅಕ್ಕಯ್ಯಮ್ಮ?"

ಮುದುಕಿಯ ಕೈ ಹೊಸಿಲನ್ನು ಹಿಡಿದುಕೊಂಡಿತು. ಮಗ ನಿಂತ ಕಡೆ ಒಮ್ಮೆ ನೋಡಿದಳು. ಮೇಲೂರು ಕಂಡ ಅಕ್ಕಯ್ಯಮ್ಮನ ಕಣ್ಣಲ್ಲ ಅದು; ಹೊಸದಾಗಿ ಬಂದ ಸೊಸೆಯ ಕಣ್ಣು.

"ನಮ್ಮತ್ತೆ," ಎಂದಳು. "ಮೊನ್ನೆಯಿಂದ ಕರೀತಾವ್ಳೆ. ಅಟ್ಟಣಿಗೆ ಮೇಲೆ ಕುಂತವ್ಳೆ. ಆ ಅಶ್ವತ್ಥನ್ನ ಬಿಟ್ಟು ನನ್ನ ಹಿಡ್ಕೊಂಡ್ಲು ಅಂದ್ಕೊಂಡೆ. ಯಾರಿಗೂ ಹೇಳ್ಲಿಲ್ಲ. ಹೇಳಿದ್ರೆ ನನ್ನನ್ನೂ ಬೆಂಗ್ಳೂರಿಗೆ ಹಾಕ್ತಾರೆ ಅಂತ ಸುಮ್ಕಿದ್ದೆ."

"ಅಮ್ಮಾ," ಎಂದ ಮುನಿವೆಂಕಟಪ್ಪ.

ಮುನಿಶಾಮಪ್ಪ ಕೂತಲ್ಲೇ ಎರಡೂ ಕೈ ಜೋಡಿಸಿದ. "ಈಗ ಹೇಳಿದ್ಯಲ್ಲ, ಆ ಮಾತಿಗೆ ನಾನು ಋಣಿ ಕಣಮ್ಮ. ನಾಚಿಕೆ ಬಿಟ್ಟು ಹೇಳೋದು ಎಷ್ಟು ಕಷ್ಟ ಅಂತ ನನಗೆ ಗೊತ್ತು. ನಿನ್ನ ಸೊಸೆ ಉಳಿಯೋದು ಈ ಒಂದು ಮಾತಿನಿಂದ. ನಿನಗೇನೂ ಹಿಡಿದಿಲ್ಲ, ಅವಳಿಗೂ ಹಿಡಿದಿರ್ಲಿಲ್ಲ. ಈ ರಾತ್ರಿ ಒಳಗೆ ಮಲಗಬೇಡ. ನಾಳೆ ನಿಮ್ಮತ್ತೆ ತಾನಾಗೇ ಹೋಗ್ತಾಳೆ."

ಅಕ್ಕಯ್ಯಮ್ಮ ಸೆರಗಿನಿಂದ ಕಣ್ಣು ಒತ್ತಿಕೊಂಡಳು. ಶುಂಠಿ ಸೆರಗಿಗೆ ಹತ್ತಿತು.

"ಹಿಂದೆ ಯಾವತ್ತೂ ಹಿಂಗಾಗಿಲ್ಲ," ಎಂದಳು. "ನಮ್ಮತ್ತೆ ಕಾಲದಿಂದ ಕುಂಪಟಿ ಇಡ್ತಾನೇ ಇದ್ದೀವಿ. ಆದ್ರೆ ಅವಳದೊಂದು ಕಟ್ಟಿತ್ತು. ಕುಂಪಟಿ ಇಟ್ರೆ ಮೇಲಿನ ಗವಾಕ್ಷಿ ಒಂದು ಗೇಣು ಬಿಟ್ಟಿರಬೇಕು, ಎಷ್ಟು ಚಳಿಯಾದ್ರೂ ಸರಿ. ಮಾಳಿಗೆ ಮೇಲೆ ಕಲ್ಲು ಕೊಟ್ಟು ಮಡಕೆ ಬೋರಲು ಹಾಕಿದ್ದೀವಿ, ಮಂಜು ಬೀಳದಂಗೆ."

"ಈಗ ಬಿಟ್ಟಿದೆಯಾ?"

"ಬಿಟ್ಟೇ ಇರ್ತದೆ. ಯಾರು ಮುಚ್ತಾರೆ?"

"ನಾನು ಒಳಗೆ ಬರಂಗಿಲ್ಲ. ನೀನೇ ನನ್ನ ಕಣ್ಣಾಗಿ ಹೋಗಿ ನೋಡು ತಾಯಿ. ಗವಾಕ್ಷಿ ಕೆಳಗೆ ನಿಂತು, ಬೆಳಕು ಕಾಣ್ತದಾ ನೋಡು."

ಅಕ್ಕಯ್ಯಮ್ಮ ಕಾಲು ತೊಳೆದು ಒಳಗೆ ಹೋದಳು. ಹುಳುಮನೆ ಯಾವಾಗಲೂ ಮಬ್ಬು. ತಲೆ ಎತ್ತಿ ನೋಡುವ ಕೆಲಸ ಯಾರಿಗೂ ಬಿದ್ದಿರಲಿಲ್ಲ. ಹೊರಗೆ ಬಂದಾಗ ಅವಳ ಹೆಜ್ಜೆ ಸಣ್ಣದಾಗಿತ್ತು.

"ಕಾಣ್ತಿಲ್ಲಪ್ಪ. ಹಗಲು ಹೊತ್ತು, ಕರ್ರಗಿದೆ."

ಮುನಿವೆಂಕಟಪ್ಪ ಏಣಿ ಹತ್ತಿದ. ಮಾಳಿಗೆಯ ಮೇಲೆ ಮಡಕೆ ಎತ್ತಿದ ಸದ್ದು, ಆಮೇಲೆ ಗುದ್ದಲಿಯಿಂದ ಕೆರೆದ ಸದ್ದು. ಕೆಳಗಿನವರಿಗೆ ಅವನ ಬಾಗಿದ ಬೆನ್ನು ಮಾತ್ರ ಕಾಣುತ್ತಿತ್ತು.

"ಜೇಡಿಮಣ್ಣು ಮೆತ್ತವ್ರೆ ದಫೇದಾರಪ್ಪ. ಒಣಗಿ ಬಿರಿದದೆ, ಇರುವೆ ಗೂಡು ಕಟ್ಟವೆ. ಅದರ ಕೆಳಗೆ ಬಟ್ಟೆ ತುರುಕವ್ರೆ."

"ಹಾಗೇ ಕೆಳಗೆ ಬಿಡು. ಕೊಡವಬೇಡ."

ಮಣ್ಣಿನ ಹೆಂಟೆಗಳ ಜೊತೆ ಬಟ್ಟೆಯ ಉಂಡೆ ನೆಲಕ್ಕೆ ಬಿತ್ತು. ಅದೇ ಗಳಿಗೆಗೆ ಹುಳುಮನೆಯೊಳಗೆ ಒಂದು ಬೆಳಕಿನ ಕೋಲು ಇಳಿದು, ಮಧ್ಯದಲ್ಲಿದ್ದ ಕುಂಪಟಿಯ ಮೇಲೆ ನಿಂತಿತು. ಕೆಳಗಿದ್ದ ಇಬ್ಬರೂ ಬಾಗಿಲಿಂದಲೇ ಅದನ್ನು ನೋಡಿದರು.

ಮುನಿಶಾಮಪ್ಪ ಕಡ್ಡಿಯಿಂದ ಬಟ್ಟೆ ಬಿಡಿಸಿದ. ಹಸಿರು ಪಟ್ಟೆಯ ಟವಲು. ಅಂಚಿನಲ್ಲಿ ದಾರದ ಗುರುತು.

ಅಕ್ಕಯ್ಯಮ್ಮ ಕೂತುಬಿಟ್ಟಳು. "ಇದು ನಲ್ಲಪ್ಪಂದು. ದೀಪಾವಳಿಗೆ ನಾನೇ ತಂದುಕೊಟ್ಟಿದ್ದು. ಆ ದಾರ ನಾನೇ ಹಾಕಿದ್ದು."

"ನಲ್ಲಪ್ಪನ ಟವಲು ಇಲ್ಲಿಗೆ ಹೆಂಗೆ ಬಂತು?" ಏಣಿ ಇಳಿಯುತ್ತ ಮುನಿವೆಂಕಟಪ್ಪ ಕೇಳಿದ.

"ಮಣ್ಣು ಬಿರಿಯೋಕೆ, ಇರುವೆ ಗೂಡು ಕಟ್ಟೋಕೆ ದಿನ ಬೇಕಪ್ಪ. ಹುಳ ಇನ್ನೂ ಮೊಟ್ಟೆಯೊಡೆದ ಚಾಕಿ ಮರಿ ಇದ್ದಾಗಲೇ ಮುಚ್ಚವ್ರೆ. ಅಂದ್ರೆ ಹಿತ್ತಲಲ್ಲಿ ರಕ್ತ ಬೀಳೋದಕ್ಕೆ ಎಷ್ಟೋ ಮುಂಚೆ."

ಇನ್ನೊಂದು ಮಾತು ಅವನ ನಾಲಗೆಯ ತುದಿಗೆ ಬಂದಿತ್ತು. ತಾಯಿಯ ಮುಖ ನೋಡಿ ನುಂಗಿಕೊಂಡ. ಆ ಗವಾಕ್ಷಿ ಮುಚ್ಚಿದವನಿಗೆ ಅಶ್ವತ್ಥಮ್ಮ ಸಾಯಬೇಕಾಗಿರಲಿಲ್ಲ. ಹುಳುಮನೆಯ ಬಾಗಿಲು ತೆರೆಯುವುದು ಹಿತ್ತಲಿಗೆ. ನಸುಕಿಗೆ ಎದ್ದು ಸೊಪ್ಪು ಹಾಕುವವಳ ಕಣ್ಣಿಗೆ ಬಾವಿ ಬೀಳದೆ ಇರುವುದಿಲ್ಲ. ಅವಳು ಕಂಡದ್ದನ್ನು ಊರು ನಂಬಬಾರದು, ಅಷ್ಟೇ ಅವನಿಗೆ ಬೇಕಾಗಿದ್ದದ್ದು.

ಹೊರಡುವಾಗ ಅಕ್ಕಯ್ಯಮ್ಮ ಹುರಿಹಿಟ್ಟಿಗೆ ಬೆಲ್ಲ ಕಲಸಿ, ಒಗೆದ ಬಟ್ಟೆಯಲ್ಲಿ ಗಂಟು ಕಟ್ಟಿ ತಂದಳು.

"ಅವಳಿಗೆ ಕೊಡು. ಆ ಗಾಳಿ ಕುಡ್ಕೊಂಡು ನಮ್ಮನೆ ಹುಳ ಒಂದೂ ಸಾಯದಂಗೆ ಕಾದ್ಲು. ತಲೆನೋವು ಅಂದಾಗ ನಾನು ಸೋಮಾರಿ ಅಂದೆ. ನಾಲ್ಕೈದು ರಾತ್ರಿ ಮಲಗಿದ್ದಕ್ಕೆ ನನಗೇ ಹಿಂಗಾಯ್ತು." ಗಂಟನ್ನು ಅವನ ಕೈಗಿಟ್ಟು ಅಂದಳು: "ಗೂಡು ಬಿಡಿಸೋ ಹೊತ್ತಿಗೆ ಮನೇಗೆ ಬಾ ಅಂತ ನಾನು ಕರೆದೆ ಅನ್ನು."

"ಅಂತೀನಿ ತಾಯಿ."

"ಆಮೇಲೆ ದಫೇದಾರಪ್ಪ," ಎಂದಳು ಹಿಂದಿನಿಂದ. "ನಿನ್ನ ಮೈಯಲ್ಲಿ ಬೀಡಿ ವಾಸನೆ ಏನೂ ಇಲ್ಲ. ಸುಮ್ನೆ ಅಂದೆ."

ಬಸ್ಸಿನಲ್ಲಿ ಟವಲಿನ ಪೊಟ್ಟಣ ಒಂದು ತೊಡೆಯ ಮೇಲೆ, ಹುರಿಹಿಟ್ಟಿನ ಗಂಟು ಇನ್ನೊಂದರ ಮೇಲೆ. ಮುನಿಶಾಮಪ್ಪನ ಎದೆ ಹಗುರವಾಗಿತ್ತು. ಒಂದೇ ಹುಳುಮನೆ, ಎರಡು ತಲೆ, ಒಂದು ಬೆಕ್ಕು, ಮುಚ್ಚಿದ ಗವಾಕ್ಷಿ. ಇಷ್ಟಕ್ಕೆ ವಿಶಾಲಾಕ್ಷಮ್ಮನವರು ಸರ್ಟಿಫಿಕೇಟ್ ಬರೆಯುತ್ತಾರೆ. ಸತ್ತ ಅಜ್ಜತ್ತೆ ಹೇಳಿಕೊಟ್ಟ ತಪ್ಪೊಪ್ಪಿಗೆಯನ್ನು ಯಾವ ಮ್ಯಾಜಿಸ್ಟ್ರೇಟರೂ ಹಿಡಿದುಕೊಳ್ಳುವುದಿಲ್ಲ. ಗೌರಿಬಿದನೂರಿನ ಆ ಹೆಸರಿಲ್ಲದ ಆಳನ್ನು ಅವನು ಮನಸ್ಸಿನಲ್ಲೇ ನೆನೆದು ಕಣ್ಣು ಮುಚ್ಚಿದ.

ಚಿಂತಾಮಣಿ ಸ್ಟ್ಯಾಂಡಿನಲ್ಲಿ ಇಳಿದಾಗ ಹೊತ್ತು ಇಳಿಯುತ್ತಿತ್ತು. ಕೈವಾರದ ಬಸ್ಸಿನ ಕಂಡಕ್ಟರ್ ಕೋನಪ್ಪ ಟೀ ಅಂಗಡಿಯಿಂದಲೇ ಕೈ ಬೀಸಿದ. ಎಡಗಿವಿಯ ಹಾಲೆ ಸೀಳಿದ ಆಸಾಮಿ ಕಣ್ಣಿಗೆ ಬಿದ್ದಿದ್ದನೇ ಎಂದು ವಿಚಾರಿಸಲು ಮುನಿಶಾಮಪ್ಪ ಸ್ಟ್ಯಾಂಡಿನವರಿಗೆಲ್ಲ ಹೇಳಿಟ್ಟಿದ್ದ. ನಲ್ಲಪ್ಪನಿಗೆ ಆ ಗುರುತು ಹುಡುಗನಾಗಿದ್ದಾಗಿನಿಂದ ಇತ್ತು.

"ಏಮಿ ದಫೇದಾರಪ್ಪಾ, ಸತ್ತೋನನ್ನ ಹುಡುಕ್ತಿದ್ದೀಯಂತೆ."

"ಹೂಂ."

"ಸತ್ತೋರು ಟಿಕೆಟ್ ತಗೊಳ್ಳಲ್ಲಪ್ಪ. ಇವನು ತಗೊಂಡ. ಕೈವಾರದಲ್ಲಿ ಹತ್ತಿದ. ಎಡಗಿವಿ ಸೀಳಿತ್ತು, ನನ್ನ ಪಕ್ಕದಲ್ಲೇ ಕೂತಿದ್ದ, ಕಣ್ಣಾರೆ ನೋಡಿದ್ದೀನಿ. ಬರಿಗಾಲು."

ಬಾವಿಕಟ್ಟೆಯ ಮೇಲಿನ ಚಪ್ಪಲಿ ಮುನಿಶಾಮಪ್ಪನ ಕಣ್ಣ ಮುಂದೆ ಬಂತು. "ಯಾವ ದಿನ? ಯೋಚನೆ ಮಾಡಿ ಹೇಳು."

"ಯೋಚನೆ ಏನು ಬಂತು. ನಮ್ಮ ಡ್ರೈವರ್ ಗುರುವಾರ ಒಪ್ಪೊತ್ತು, ಎಲ್ಲೂ ಗಾಡಿ ನಿಲ್ಸಲ್ಲ, ನನಗೂ ಟೀ ಇಲ್ಲ. ಅವತ್ತು ಅವನನ್ನ ಬೈಕೊಂಡೇ ಇವನಿಗೆ ಟಿಕೆಟ್ ಹರಿದೆ. ಗುರುವಾರವೇ."

"ಒಬ್ಬನೇ ಇದ್ನಾ?"

"ಒಬ್ಬನೇ. ಚಳಿಗೆ ತಲೆ ತನಕ ಹೊದ್ದಿದ್ದ. ಒಳ್ಳೆ ಮಾಲು ಕಣಪ್ಪ, ಕೆಂಪಂಚಿನ ಬಿಳೀ ಶಾಲು. ಒಂದು ಮೂಲೆ ಮಾತ್ರ ಉಜ್ಜಿ ಉಜ್ಜಿ ಒಗೆದಿದ್ದ, ಇನ್ನೂ ಒದ್ದೆ ಇತ್ತು."

ಮುನಿಶಾಮಪ್ಪ ಹುರಿಹಿಟ್ಟಿನ ಗಂಟನ್ನು ಎದೆಗೆ ಒತ್ತಿಕೊಂಡ. ಅಶ್ವತ್ಥಮ್ಮ ಯಾರನ್ನೂ ಕಡಿದಿಲ್ಲ; ಆ ಸಂತೋಷ ಅವನದೇ. ಆದರೆ ಅವಳ ಕಣ್ಣಿನಿಂದ ಕರಗದೆ ಉಳಿದವನು ಹೊಗೆಯಲ್ಲ, ಮನುಷ್ಯ. ಶಾಲು ಹೊದ್ದು ಮೇಲೂರಿನ ಹಿತ್ತಲಿಗೆ ಸೋಮವಾರ ಬಂದ ಆ ಮನುಷ್ಯ ಅಲ್ಲಿಂದ ಹೊರಟದ್ದನ್ನು ಕಂಡವರು ಒಬ್ಬರೂ ಇಲ್ಲ.

ಅವನ ಶಾಲು ಹೊದ್ದು, ಗುರುವಾರ, ಹೊರಟುಹೋದವನು ನಲ್ಲಪ್ಪ.